ಗೌನಿಪಲ್ಲಿಯಲ್ಲಿ ಉಳಿದಿದ್ದ ಬ್ರ್ಯಾಂಚ್

ಶೋಭಾರಾಣಿ ಕೋಡ್ ಬರೆಯಲು ಕಲಿತದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಶ್ರೀನಿವಾಸಪುರದ ಕಂಪ್ಯೂಟರ್ ಸೆಂಟರೊಂದರಲ್ಲಿ ಪಹಣಿ ಅರ್ಜಿ, ಮದುವೆ ಕರೆಯೋಲೆ ಟೈಪ್ ಮಾಡಿಕೊಂಡಿದ್ದಳು. ಸೆಂಟರ್ ಮುಚ್ಚಿದ ಮೇಲೆ ಕೋಲಾರದ ಒಂದು ಸಣ್ಣ ಕಂಪನಿಗೆ ಡೇಟಾ ಎಂಟ್ರಿಗೆಂದು ಸೇರಿದಳು. ದನಗಳಿಗೆ ಲಸಿಕೆ ಹಾಕುವ ದಿನವನ್ನು ರೈತರಿಗೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿ ತಿಳಿಸುವ ಆ್ಯಪ್ ಆ ಕಂಪನಿಯದು. ಅಲ್ಲಿರುವವರು ಆರೇ ಜನ. ಊಟದ ಬಿಡುವಿನಲ್ಲಿ ಕೋಡ್ ಓದುತ್ತಾ, ಸಣ್ಣಪುಟ್ಟ ತಪ್ಪು ತಿದ್ದುತ್ತಾ ಅದನ್ನೇ ತನ್ನ ಕೆಲಸ ಮಾಡಿಕೊಂಡಳು.

ಕಲಿತ ಹೊಸತರಲ್ಲೇ ಒಂದು ಎಡವಟ್ಟಾಯಿತು. ಕಂಪನಿಯ ಕೋಡೆಲ್ಲ, ಹಳೆಯ ರೂಪಗಳ ಸಮೇತ, ರೆಪಾಸಿಟರಿ ಎಂಬ ಒಂದೇ ಉಗ್ರಾಣದಲ್ಲಿ ಇರುತ್ತದೆ. ಹೊಸದೇನಾದರೂ ಮಾಡಿ ನೋಡುವವರು ಮುಖ್ಯ ಕೋಡನ್ನು ಮುಟ್ಟದೆ, ಬ್ರ್ಯಾಂಚ್ ಅಂತ ಒಂದು ಕವಲು ತೆಗೆದು ಅದರಲ್ಲಿ ಬರೆಯುತ್ತಾರೆ. ಸರಿಬಂದರೆ ಮುಖ್ಯದಲ್ಲಿ ಸೇರಿಸುತ್ತಾರೆ. ಅವಳಿಗಿಂತ ಮೊದಲಿನಿಂದ ಅಲ್ಲಿದ್ದ ಕದಿರೇಶ್ ಎಂಬುವನ ಬ್ರ್ಯಾಂಚೊಂದನ್ನು ಹಳೆಯದೆಂದುಕೊಂಡು ಶೋಭಾರಾಣಿ ಅಳಿಸಿಬಿಟ್ಟಳು. ಅದು ಅವನ ಹದಿಮೂರು ದಿನದ ಕೆಲಸ. ಅವನ ಲ್ಯಾಪ್‌ಟಾಪ್ ರಿಪೇರಿಗೆ ಹೋಗಿ ಖಾಲಿಯಾಗಿ ಬಂದಿದ್ದರಿಂದ ಬೇರೆ ಪ್ರತಿಯೂ ಇರಲಿಲ್ಲ.

“ಒಂದ್ ಮಾತು ಕೇಳ್ಬಾರ್ದಾಗಿತ್ತಾ ಮೇಡಂ?” ಎಂದು ಅವನು ಎಲ್ಲರೆದುರಿಗೆ ಕೂಗಾಡಿದ. ಆಮೇಲೆ ಒಂದು ವರ್ಷ, ಕೆಲಸ ಬಿಟ್ಟು ಊರಿಗೆ ಹೋಗುವವರೆಗೂ, ಅವಳ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ಸೂ ಕೈಕೊಟ್ಟು, ರೆಪಾಸಿಟರಿ ಇದ್ದ ಕಂಪ್ಯೂಟರ್ ನಡುಕೆಲಸದಲ್ಲೇ ಆರಿಹೋಯಿತು. ಮತ್ತೆ ಹಾಕಿದಾಗ ಮೂವತ್ತನಾಲ್ಕು ಬ್ರ್ಯಾಂಚ್‌ಗಳಲ್ಲಿ ಒಂಬತ್ತು ಒಡೆದಿದ್ದವು. ಹೆಸರು ಕಾಣುತ್ತಿತ್ತು, ತೆರೆದರೆ ಒಳಗೆ ಏನೂ ಇಲ್ಲ. ಅವುಗಳ ದೆಸೆಯಿಂದ ದಿನದ ಬ್ಯಾಕಪ್ಪೂ ಅರ್ಧಕ್ಕೇ ನಿಲ್ಲತೊಡಗಿತು.

“ಎಲ್ಲಾ ಅಳಿಸಿ ಬಿಸಾಕಿ ಅಕ್ಕ. ಮೇನ್ ಚೆನ್ನಾಗೈತಲ್ಲ,” ಎಂದ ಕಂಪನಿ ನಡೆಸುವ ಭೀಮರಾಜ್.

ಶೋಭಾರಾಣಿ ಒಪ್ಪಲಿಲ್ಲ. ಎರಡು ದಿನ ಕೂತು ಒಂದೊಂದನ್ನೇ ನೋಡಿದಳು. ಐದು ಬ್ರ್ಯಾಂಚ್‌ಗಳ ಕೆಲಸ ಎಂದೋ ಮುಖ್ಯದಲ್ಲಿ ಸೇರಿಹೋಗಿತ್ತು, ಅವನ್ನು ತೆಗೆದಳು. ಮೂರರ ಪ್ರತಿ ಪಕ್ಕದ ಮೇಜಿನ ಪವಿತ್ರಳ ಲ್ಯಾಪ್‌ಟಾಪಿನಲ್ಲಿ ಸಿಕ್ಕಿತು, ಮರಳಿ ಹಾಕಿದಳು. ಉಳಿದದ್ದು ಒಂದು. ಅದರ ಹೆಸರು ‘ಕದಿರೇಶ್-ತೆಲುಗು’.

ಎರಡು ಸಲ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಶನಿವಾರ ಅವನ ಊರು ಗೌನಿಪಲ್ಲಿಯ ಬಸ್ ಹತ್ತಿದಳು.

ಕದಿರೇಶ್ ಈಗ ಅಲ್ಲಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಮನೆ ಮುಂದೆ ಅವನ ತಾಯಿ ವೆಂಕಟರತ್ನಮ್ಮ ಮಾವಿನಕಾಯಿ ಹೋಳು ಒಣಹಾಕುತ್ತಿದ್ದರು. ಇವಳ ದನಿ ಕೇಳಿ ಅವನು ಹೊರಗೆ ಬಂದ.

“ಫೋನ್ ನೋಡ್ದೆ ಮೇಡಂ. ಏನ್ ಮಾತಾಡೋದು ಅಂತ ಎತ್ತಲಿಲ್ಲ.”

“ನಿಮ್ ತೆಲುಗು ಬ್ರ್ಯಾಂಚ್ ಒಡೆದೋಗಿದೆ. ಅಳಿಸ್ಬೇಕು. ಕೇಳೋಣ ಅಂತ ಬಂದೆ.”

“ಅಷ್ಟಕ್ಕೇ ಕೋಲಾರದಿಂದ ಬಂದ್ರಾ?”

“ಹೂಂ.”

ಅವನು ಅಟ್ಟದಿಂದ ಹಳೆಯ ಲ್ಯಾಪ್‌ಟಾಪ್ ಇಳಿಸಿ ಚಾರ್ಜಿಗೆ ಹಾಕಿದ. ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಅದು ತೆರೆದುಕೊಂಡಿತು. ಬ್ರ್ಯಾಂಚ್ ಇಡಿಯಾಗಿ ಇತ್ತು. ತನ್ನ ಕೋಡನ್ನು ತಾನೇ ಓದಿ ಕದಿರೇಶ್ ಮುಖ ಕಿವುಚಿದ. “ಎಷ್ಟು ಕೆಟ್ಟದಾಗಿ ಬರ್ದಿದೀನಿ! ತೆಗ್ದಾಕಿ ಮೇಡಂ.” ಮುಂದೆ ಹೋಗಿ ಒಂದು ಫೈಲಿನ ಹತ್ತಿರ ನಿಂತ. “ಇದೊಂದು ಮಾತ್ರ ಇರ್ಲಿ.”

ಅದು ಇನ್ನೂರಹನ್ನೆರಡು ಪದಗಳ ಪಟ್ಟಿ. ದನಕರು, ಅವುಗಳ ಕಾಯಿಲೆ, ಮದ್ದುಗಳಿಗೆ ಆಂಧ್ರ ಗಡಿಯ ಹಳ್ಳಿಗಳಲ್ಲಿ ಆಡುವ ತೆಲುಗು ಮಾತುಗಳು. ತಾಯಿಯನ್ನು ಕೇಳಿ ಕೇಳಿ ಬರೆದದ್ದು. ಕಾಲುಬಾಯಿ ಜ್ವರದ ಎದುರು ‘ಗಾಳಿಕುಂಟು’ ಎಂದಿತ್ತು.

“ಗಾಳಿಕುಂಟು ಅಂದ್ರೇನೇ ನಮ್ಗೆ ತಿಳಿಯೋದಮ್ಮಾ,” ಎಂದರು ಅಂಗಳದಿಂದಲೇ ವೆಂಕಟರತ್ನಮ್ಮ. “ಹೋದ್ಸಲ ಅದ್ಯಾವ್ದೋ ಜ್ವರಕ್ಕೆ ಸೂಜಿ ಹಾಕ್ತೀವಿ ಅಂತ ನಿಮ್ ಫೋನ್ ಬಂತು. ನಮ್ ಹಸೂಗೆ ಜ್ವರ ಇಲ್ವಲ್ಲಾ ಅಂತ ನಾನು ಹೋಗ್ಲೇ ಇಲ್ಲ.”

ಶೋಭಾರಾಣಿಗೆ ನಗು ಬಂತು, ಹಿಂದೆಯೇ ಪೆಚ್ಚೆನಿಸಿತು. ಮೂರು ವರ್ಷದಿಂದ ಆ ಸಂದೇಶ ಕಳಿಸುತ್ತಿದ್ದವಳು ಅವಳೇ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡಳು.

ಬಸ್‌ಸ್ಟಾಪಿನವರೆಗೆ ಕದಿರೇಶ್ ಜೊತೆಗೆ ಬಂದ. “ಅವತ್ತು ನಾನೂ ಅಷ್ಟು ಕೂಗಾಡ್ಬಾರ್ದಾಗಿತ್ತು,” ಎಂದ.

“ತಪ್ಪು ನಂದೇ ಇತ್ತು ಬಿಡಿ,” ಎಂದಳು ಶೋಭಾರಾಣಿ.

ಸೋಮವಾರ ಬೆಳಿಗ್ಗೆ ಒಂಬತ್ತನೆಯ ಹೆಸರನ್ನೂ ಅಳಿಸಿದಳು. ಬ್ಯಾಕಪ್ ಪೂರ್ತಿ ಮುಗಿಯಿತು. ಪದಗಳನ್ನು ಆ್ಯಪಿಗೆ ಹೊಂದಿಸಲು ಆರು ವಾರ ಹಿಡಿಯಿತು. ಧ್ವನಿ ಕೊಟ್ಟದ್ದು ಕದಿರೇಶನೇ, ಭಾನುವಾರಗಳಲ್ಲಿ ಕೂತು. ಜೂನ್‌ನಿಂದ ಗೌನಿಪಲ್ಲಿ ಸುತ್ತಿನ ಊರುಗಳಿಗೆ ತೆಲುಗಿನಲ್ಲಿ ಫೋನ್ ಹೋಗುತ್ತಿದೆ. ಮುಳಬಾಗಿಲು ಕಡೆಯ ಹಳ್ಳಿಗಳ ಮಾತುಗಳನ್ನು ಇನ್ನೂ ಕೇಳಿ ಬರೆದುಕೊಳ್ಳಬೇಕಿದೆ. ಶೋಭಾರಾಣಿ ಅದಕ್ಕೊಂದು ಹೊಸ ಬ್ರ್ಯಾಂಚ್ ತೆಗೆದಿದ್ದಾಳೆ.