ಹಸನಬ್ಬನ ಕೊನೆಯ ಕ್ಯಾಸೆಟ್ಟು

ಸತ್ತವರ ಸ್ವರವನ್ನು ಕಾಪಾಡುವುದು ಬದುಕಿರುವವರ ಹೊಣೆ. ನಾನು ಅಂಥ ಒಂದು ಸ್ವರವನ್ನು ಮೂಡುಬಿದಿರೆಯ ಅಂಗಡಿಯೊಂದರಲ್ಲಿ, ಎದುರಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದ ಹೊತ್ತಿಗೆ, ಅಳಿಸಿಹಾಕಿದೆ. ಆಮೇಲೆ ಅದರ ತಪ್ಪನ್ನು ಆ ಸ್ವರಕ್ಕಾಗಿ ಕಾದು ಕೂತಿದ್ದ ಹೆಂಗಸಿನ ತಲೆಗೆ ಕಟ್ಟಿದೆ. ಎರಡನೆಯದನ್ನು ಮಾಡುವಾಗ ಗೋಳಿಬಜೆಯ ನೆಪವೂ ಇರಲಿಲ್ಲ.

ನಾನು ಗುರುವಾಯನಕೆರೆಯಲ್ಲಿ ಗಣಿತದ ಮಾಸ್ಟ್ರಾಗಿದ್ದವನು. ಆದರೆ ತೊಂಬತ್ತರ ದಶಕದಲ್ಲಿ ನನ್ನ ಖ್ಯಾತಿ — ಖ್ಯಾತಿಯೆಂದೇ ಬರೆಯುತ್ತೇನೆ, ಬೇರೆ ಯಾರೂ ಬರೆಯುವವರಿಲ್ಲ — ಗಣಿತದ್ದಲ್ಲ, ಕಿವಿಯದ್ದು. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಯಾರ ಮನೆಗೆ ಸ್ಪೀಕರ್ ಬರುವುದಿದ್ದರೂ ನನ್ನನ್ನು ಒಂದು ಮಾತು ಕೇಳುತ್ತಿದ್ದರು. ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ತೀರ್ಪು ಕೊಡುತ್ತಿದ್ದೆ. ಕಣ್ಣು ಮುಚ್ಚುವ ಅಗತ್ಯವೇನೂ ಇರಲಿಲ್ಲ.

ಹಸನಬ್ಬ ನನ್ನ ನೆರೆಮನೆಯವ. ದಮ್ಮಾಮಿನಲ್ಲಿ ಕೆಲಸ. ಒಂದು ರಜೆಯಲ್ಲಿ ಅಲ್ಲಿಂದ ಆಂಪ್ಲಿಫೈಯರ್, ಎರಡು ಸ್ಪೀಕರ್, ಒಂದು ಕ್ಯಾಸೆಟ್ ಡೆಕ್ ಹೊತ್ತು ತಂದಿದ್ದ. ಹಾಡಿಗಿಂತ ಹೆಚ್ಚಾಗಿ ಅದರಲ್ಲಿ ಕೇಳುತ್ತಿದ್ದದ್ದು ಅವನ ಮಾತು. ಅವನು ಕಾಗದ ಬರೆಯುವವನಲ್ಲ. ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದ. ಹೆಂಡತಿ ಖತೀಜಮ್ಮ ಕೇಳಿ, ಅದೇ ಕ್ಯಾಸೆಟ್ಟಿನಲ್ಲಿ, ಅವನ ಮಾತಿನ ಮೇಲೆಯೇ ತನ್ನ ಉತ್ತರ ತುಂಬಿಸಿ ವಾಪಸು ಕಳಿಸುತ್ತಿದ್ದರು. ಒಬ್ಬರ ಮಾತು ಇನ್ನೊಬ್ಬರ ಉತ್ತರ ಬರುವವರೆಗೆ ಮಾತ್ರ ಬದುಕುತ್ತಿತ್ತು. ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಪ್ಲಾಸ್ಟಿಕ್ ಚೂರನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಆ ಮನೆಯಲ್ಲಿ ಅದನ್ನು ಯಾರೂ ಮುರಿದವರಿಲ್ಲ — ಮುರಿದರೆ ಉತ್ತರ ಕಳಿಸುವುದು ಹೇಗೆ?

ಹಸನಬ್ಬ ಅಲ್ಲಿಯೇ ಎದೆನೋವಿನಿಂದ ಸತ್ತ. ಅಲ್ಲಿಯೇ ಮಣ್ಣು ಮಾಡಿದರು. ಅವನ ಕೊನೆಯ ಕ್ಯಾಸೆಟ್ಟು ಅದಕ್ಕೆ ಒಂದು ವಾರ ಮೊದಲು ಬಂದಿತ್ತು. ಖತೀಜಮ್ಮ ಇನ್ನೂ ಉತ್ತರ ಮಾತಾಡಿರಲಿಲ್ಲ. ಹಾಗಾಗಿ ಅದೊಂದು ಉಳಿಯಿತು.

ಆದರೆ ಡೆಕ್ಕು ಹಾಳಾಗುತ್ತ ಬಂದಿತ್ತು. ಟೇಪು ನಿಧಾನಕ್ಕೆ ತಿರುಗುತ್ತಿತ್ತು, ರಿಪೇರಿಯವ ಕೈಚೆಲ್ಲಿದ್ದ. ಅವರದು ಆಗ ಇದ್ದತ್ತಿನ ಕಾಲ — ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆಯೊಳಗೇ ಇರಬೇಕು. ಬಾಗಿಲ ಮರೆಯಿಂದಲೇ ಹೇಳಿದರು:

"ಮಾಸ್ಟ್ರೇ, ಇದರಲ್ಲಿ ಇವರ ಸ್ವರ ಯಾರೋ ಮುದುಕನ ಹಾಗೆ ಕೇಳ್ತದೆ. ನಿಮಗೆ ಇವರ ಸ್ವರ ಗೊತ್ತುಂಟಲ್ಲ? ಈ ಕ್ಯಾಸೆಟ್ ತಕೊಂಡು ಹೋಗಿ. ಯಾವುದರಲ್ಲಿ ಇವರು ಇವರ ಹಾಗೆಯೇ ಕೇಳ್ತಾರೋ ಆ ಡೆಕ್ ತನ್ನಿ."

"ರೆಕಾರ್ಡಿಂಗೂ ಚಂದ ಇರ್ಬೇಕಲ್ಲ?" ಎಂದೆ.

"ರೆಕಾರ್ಡಿಂಗ್ ಇನ್ನು ಯಾರಿಗೆ? ಬೇಡ."

ಇಷ್ಟು ಹೆಸರುವಾಸಿಯಾದ ಕಿವಿಗೆ ಆ ಮಾತು ಮಾತ್ರ ಬೀಳಲಿಲ್ಲ.

ಬಂಟ್ವಾಳದಲ್ಲಿ ಎರಡು ಡೆಕ್ ನೋಡಿದೆ. ಒಂದರಲ್ಲಿ ಹಸನಬ್ಬ ಡಬ್ಬದೊಳಗಿಂದ ಮಾತಾಡಿದ, ಇನ್ನೊಂದರಲ್ಲಿ ಬಾವಿಯಿಂದ. ಮೂಡುಬಿದಿರೆಯ ಲಿಗೋರಿ ಪರ್ಬುಗಳ ಅಂಗಡಿಗೆ ಮೂರು ಸಲ ಹೋದೆ.

"ಮಾಸ್ಟ್ರೇ, ನೀವು ಡೆಕ್ ನೋಡ್ಲಿಕ್ಕೆ ಬರುದಾ, ಹೆಣ್ಣು ನೋಡ್ಲಿಕ್ಕೆ ಬರುದಾ ಮಾರಾಯ್ರೆ? ಇಷ್ಟು ಹೊತ್ತಿಗೆ ಮದುವೆಯೇ ಮುಗೀತಿತ್ತು!" ಎಂದರು ಪರ್ಬುಗಳು.

ಮೂರನೆಯ ಸಲ ಸಿಕ್ಕಿತು. ಆಟೋ ರಿವರ್ಸ್ ಡೆಕ್ಕು — ಒಂದು ಬದಿ ಮುಗಿದರೆ ತಾನಾಗಿ ಇನ್ನೊಂದು ಬದಿಗೆ ತಿರುಗುವಂಥದ್ದು. ಅದರಲ್ಲಿ ಹಸನಬ್ಬ ಹಸನಬ್ಬನೇ ಆಗಿದ್ದ. ಸ್ವಲ್ಪ ಶೀತ ಹಿಡಿದ ಮೂಗು, ಹಿಂದೆ ಯಾರೋ ಬಟ್ಟಲು ತೊಳೆಯುವ ಸದ್ದು, ಹೇಳಬೇಕಾದದ್ದು ಮರೆತು ತನ್ನಷ್ಟಕ್ಕೆ ನಗುವುದು — ಎಲ್ಲ. ಅಲ್ಲಿಗೆ ಕೆಲಸ ಮುಗಿದಿತ್ತು. ಕಟ್ಟಿಸಿಕೊಂಡು ಬಸ್ಸು ಹತ್ತಬೇಕಾಗಿತ್ತು.

ಹತ್ತಲಿಲ್ಲ. ರೆಕಾರ್ಡಿಂಗ್ ಪರೀಕ್ಷಿಸದೆ ಡೆಕ್ಕು ಒಯ್ದ ಎಂದು ನನ್ನ ಬಗ್ಗೆ ಯಾರೂ ಹೇಳಬಾರದಲ್ಲ!

"ಖಾಲಿ ಕ್ಯಾಸೆಟ್ಟಿನ ಪ್ಯಾಕ್ ಒಡೀಲಾ?" ಪರ್ಬುಗಳು ಕೇಳಿದರು.

"ಯಾಕೆ ಸುಮ್ಮನೆ? ಇದರ ಹಿಂದಿನ ಬದಿ ಖಾಲಿ ಉಂಟು."

ಅವರ ಸಿ.ಡಿ. ಪ್ಲೇಯರಿನಲ್ಲಿದ್ದ ಪಿಟೀಲನ್ನು ಆ ಬದಿಗೆ ಹಾಕಿ, ನಾವಿಬ್ಬರೂ ಎದುರಿನ ಹೋಟೆಲಿಗೆ ಹೋದೆವು. ಅಲ್ಲಿ ನಾನು ಉತ್ತಮ ಧ್ವನಿಯ ಲಕ್ಷಣಗಳ ಕುರಿತು ಒಂದು ಗಂಟೆ ಮಾತಾಡಿದೆ. ಅಷ್ಟರಲ್ಲಿ ಡೆಕ್ಕು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು: ಖಾಲಿ ಬದಿ ಮುಗಿಸಿ, ತಿರುಗಿ, ಹಸನಬ್ಬನ ಮೇಲೆ ಪಿಟೀಲು ಬಾರಿಸುತ್ತಿತ್ತು.

ಓಡಿಸಿ ನೋಡಿದೆ. ಪಿಟೀಲು, ಪಿಟೀಲು — ಕೊನೆಗೆ ಒಂದೇ ಒಂದು ವಾಕ್ಯ. "ಉಳಿದದ್ದು ಬಂದ ಮೇಲೆ ಹೇಳ್ತೇನೆ, ಆಯ್ತಾ." ಅಷ್ಟೇ.

ಅಷ್ಟನ್ನಾದರೂ ಕೊಡಬಹುದಿತ್ತು. ಕಾಲಿಗೆ ಬಿದ್ದು ಕೊಡಬಹುದಿತ್ತು. ಆದರೆ ಆ ವಾಕ್ಯಕ್ಕೆ ಮೊದಲು ನನ್ನ ಪಿಟೀಲು ಇತ್ತಲ್ಲ... ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕ್ಯಾಸೆಟ್ಟಿನ ಟೇಪನ್ನು ಎಳೆದೆಳೆದು ತೆಗೆದೆ, ಹಿಸುಕಿದೆ, ಅಲ್ಲಲ್ಲಿ ಹರಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆಯುವ ಆಸೆಯಾಗುತ್ತದೆ, ಆದರೆ ನಡುಗಲಿಲ್ಲ.

ಬಾಗಿಲ ಮರೆಯಲ್ಲಿದ್ದ ಖತೀಜಮ್ಮನಿಗೆ ಹೇಳಿದೆ: "ಟೇಪು ಪೂರ್ತಿ ಸವೆದಿತ್ತು. ಹಾಕಿದ ಕೂಡಲೇ ಹರಿದು ಸುತ್ತಿಕೊಂಡಿತು. ನೀವು ಅಷ್ಟು ಸಲ ಕೇಳಬಾರದಿತ್ತು."

ಒಳಗಿನಿಂದ ಕೇಳಿದರು:

"ಎಷ್ಟು ಸಲ ಕೇಳಬಹುದಿತ್ತು ಮಾಸ್ಟ್ರೇ?"

ಗೊತ್ತಿಲ್ಲ ಎನ್ನಬಹುದಿತ್ತು. ಗಣಿತದ ಮಾಸ್ಟ್ರಲ್ಲವೇ, ಲೆಕ್ಕ ಕೊಟ್ಟೆ. "ಹತ್ತು. ಹೆಚ್ಚೆಂದರೆ ಹದಿನೈದು."

"ನಾನು ದಿನಕ್ಕೇ ಮೂರು ಸಲ..." ಎಂದರು.

ಆಮೇಲಿನ ವರ್ಷಗಳಲ್ಲಿ ಈ ಕಥೆಯನ್ನು ನಾನು ಹತ್ತಾರು ಕಡೆ ಹೇಳಿದೆ — ಟೇಪುಗಳನ್ನು ಮಿತವಾಗಿ ಬಳಸಬೇಕೆಂಬುದಕ್ಕೆ ಉದಾಹರಣೆಯಾಗಿ! ಹೇಳಿ ಹೇಳಿ ನನಗೇ ಅದು ಸತ್ಯದಂತೆ ಕೇಳತೊಡಗಿತ್ತು.

ಹನ್ನೆರಡು ವರ್ಷ ಕಳೆಯಿತು. ಅವರ ಮಗಳ ಮದುವೆಯಾಗಿ, ಮಗಳು ಗಂಡನ ಜೊತೆ ದುಬೈಗೆ ಹೋದಳು. ಒಂದು ದಿನ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ವಿಟ್ಲದಿಂದ ಬಂದಿದ್ದ ಅವರ ತಂಗಿ ಮದುವೆಯ ಸಿ.ಡಿ. ಹಾಕೆಂದು ಹಠ ಹಿಡಿದಿದ್ದರು. ಖತೀಜಮ್ಮ ಕಪಾಟಿನ ಬೀಗ ತೆಗೆಯಲಿಲ್ಲ.

"ನೋಡಿದ್ರೆ ಸವೀತದೆ."

"ಸವೀಲಿಕ್ಕೆ ಅದೇನು ಚಪ್ಪಲಿಯಾ? ಇವಳಿಗೆ ಮರುಳು ಮಾಸ್ಟ್ರೇ. ಹೆತ್ತ ಮಗಳ ಮದುವೆಯನ್ನು ಇವಳೇ ಒಂದು ಸಲವೂ ಹಾಕಿ ನೋಡ್ಲಿಲ್ಲ."

"ಒಂದು ಸಲ ನನ್ನ ಆಸೆಯಿಂದ ಹಾಳಾದದ್ದು ಸಾಕು. ಬೇಕಾದ್ರೆ ಅವರನ್ನೇ ಕೇಳು," ಎಂದು ಖತೀಜಮ್ಮ ನನ್ನ ಕಡೆ ನೋಡಿದರು. ನಂಬಿಕೆಯಿಂದ ನೋಡಿದರು.

ಸಿ.ಡಿ. ಸವೆಯುವುದಿಲ್ಲ ಎಂದಷ್ಟೇ ಹೇಳಿದೆ. ಅದರ ಮೇಲೆ ಬೆಳಕು ಬೀಳುವ ವಿಧಾನವನ್ನೂ ವಿವರಿಸಿದೆ. ಚಹಾ ಮುಗಿಸಿ ಮನೆಗೆ ಬಂದೆ. ಅಂದೂ ಹೇಳಲಿಲ್ಲ — ಓದುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರು ದಿನ ಬಿಟ್ಟು, ಬೆಳಿಗ್ಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಂಗಡಿ, ಪಿಟೀಲು, ಬಸ್ಸು. ಅವರು ಜಗಲಿಯ ಕಂಬ ಹಿಡಿದು ನಿಂತೇ ಕೇಳಿದರು.

"ಹಾಗಾದ್ರೆ ನಾನು ಕೇಳಿದ್ದರಿಂದ ಅಲ್ಲ?"

"ಅಲ್ಲ."

"ಕೊನೆಯ ಆ ಒಂದು ಮಾತು... ಅದು ಇತ್ತಾ?"

"ಇತ್ತು."

"ಅದನ್ನೂ ನೀವೇ?"

"ನಾನೇ."

ಖತೀಜಮ್ಮ ಒಳಗೆ ಹೋದರು. ಇದಾಗಿ ಎರಡು ವರ್ಷವಾಯಿತು. ಅವರು ನನ್ನೊಡನೆ ಮಾತಾಡಿಲ್ಲ.