ಸಾಹಿಬಾಬಾದಿನ ಕೌವಾ ಸಾಬ್

ಗೋಪಿನಾಥ ರಾಯರ ವಿಷಯ ನನ್ನ ಕಿವಿಗೆ ಮೊದಲು ಬಿದ್ದದ್ದು ತರಕಾರಿ ಗಾಡಿಯ ಹತ್ತಿರ, ಬೈಗುಳದ ಜೊತೆಗೆ. ಸಾಹಿಬಾಬಾದಿನ ನಮ್ಮ ಗಲ್ಲಿಗೆ ಬರುತ್ತಿದ್ದ ತರಕಾರಿ ಭಯ್ಯಾ ಅವತ್ತು ಸೋರೆಕಾಯಿ ತೂಗುವುದನ್ನು ಬಿಟ್ಟು ಯಾರಿಗೋ ಶಾಪ ಹಾಕುತ್ತಿದ್ದ. ಕೊಳೆತ ಟೊಮೇಟೊ ರಸ್ತೆ ಬದಿಗೆ ಎಸೆದದ್ದಕ್ಕೆ ಒಬ್ಬ ಮುದುಕ ಬಂದು, ಅವನ ಕೈಯಲ್ಲೇ ಅದನ್ನು ಹೆಕ್ಕಿಸಿ, ಮೇಲೊಂದು ಭಾಷಣವನ್ನೂ ಬಿಗಿದು ಹೋಗಿದ್ದನಂತೆ.

"ಅಮ್ಮಾಜಿ, ಆತ ನಿಮ್ಮ ಕಡೆಯವರೇ. ಮದರಾಸಿ."

"ನಾನು ಮದರಾಸಿಯಲ್ಲಪ್ಪಾ, ಕರ್ನಾಟಕದವಳು."

"ಅವರೂ ಹೀಗೇ ಹೇಳಿ ಇನ್ನೊಂದು ಸಲ ಬೈದರು," ಎಂದ.

ಗಲ್ಲಿಯವರು ಆತನಿಗೆ ಕೌವಾ ಸಾಬ್ ಎಂದು ಹೆಸರಿಟ್ಟಿದ್ದರು. ಕೌವಾ ಎಂದರೆ ಕಾಗೆ. ವಾಯುಸೇನೆಯಲ್ಲಿ ಇಂಜಿನ್ ರಿಪೇರಿ ಮಾಡುತ್ತಾ ಮಾಡುತ್ತಾ ವಾರಂಟ್ ಆಫೀಸರ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಹಿಂಡನ್ ವಾಯುನೆಲೆಗೆ ಹತ್ತಿರವಾಗಲಿ ಎಂದು ನಮ್ಮ ಕಡೆ ಬಾಡಿಗೆ ಮನೆ ಹಿಡಿದಿದ್ದರು. ಎಡಗೈಯಲ್ಲಿ ಸ್ಟೀಲ್ ತಟ್ಟೆ, ಬಲಗೈಯಲ್ಲಿ ಸೌಟು. ಕಾಗೆಯೋ ಹದ್ದೋ ಕಂಡಿತೋ, ಢಣಢಣ ಬಡಿಯುವುದು. ವಾಯುನೆಲೆಯ ಗೋಡೆಯ ಒಳಗಿನ ಹಕ್ಕಿಗಳನ್ನು, ವಿಮಾನಕ್ಕೆ ಬಡಿಯದಂತೆ, ಪಟಾಕಿ ಹೊಡೆದು ಓಡಿಸಲು ಅಲ್ಲಿನವರೇ ಇದ್ದರು. ಗೋಡೆಯ ಹೊರಗಿನ ಆಕಾಶವನ್ನು ಇವರಿಗೆ ಯಾರೂ ವಹಿಸಿರಲಿಲ್ಲ, ಇವರೇ ವಹಿಸಿಕೊಂಡಿದ್ದರು.

ಮಾರನೆಯ ವಾರ ನಮ್ಮ ಮನೆಗೇ ಬಂದರು. ನಾವಿದ್ದದ್ದು ಕೊನೆಯ ಮಹಡಿ. ದಿನವೂ ಅಡುಗೆಯಾದ ಮೇಲೆ ಟೆರೇಸಿನ ಮೂಲೆಯಲ್ಲಿ ಕಾಗೆಗೆ ಒಂದು ಹಿಡಿ ಅನ್ನ ಇಡುವುದು ನನ್ನ ರೂಢಿ. ಅದನ್ನು ಕೆಳಗಿನಿಂದಲೇ ಪತ್ತೆ ಹಚ್ಚಿದ್ದರು.

"ನೋಡಮ್ಮಾ, ನಿಮ್ಮ ಒಂದು ಹಿಡಿ ಅನ್ನಕ್ಕೆ ಒಂದು ವಿಮಾನ ಬೀಳತ್ತೆ."

"ನನ್ನ ಅನ್ನ ಅಷ್ಟು ಗಟ್ಟಿಯಾಗಿರಲ್ಲ," ಎಂದೆ.

ಅವರು ನಗಲಿಲ್ಲ. ಕನ್ನಡದಲ್ಲಿ ಬೈಸಿಕೊಂಡು ಎಷ್ಟೋ ವರ್ಷ ಆಯಿತು ಎಂದು ಒಳಗೆ ಬಂದು ಕೂತರು. ಫಿಲ್ಟರ್ ಕಾಫಿ ಕೊಟ್ಟೆ. ಅದು ನನ್ನದೇ ತಪ್ಪು, ಆಮೇಲೆ ದಿನಾ ಬರತೊಡಗಿದರು.

ವಾಯುಸೇನೆಯ ಚರಿತ್ರೆ ನನಗೆ ಗೊತ್ತಾದದ್ದು ತರಕಾರಿ ಮೊರದಲ್ಲಿ. ನಾನು ಹೆಚ್ಚಲು ಕೂತರೆ ಅವರು ಎದುರಿಗೆ ಕೂತು ಒಂದೊಂದೇ ಎತ್ತಿಕೊಳ್ಳುತ್ತಿದ್ದರು.

"ಬ್ರಿಟಿಷರ ಕಾಲದಲ್ಲಿ ಶುರುವಾದಾಗ ನಾಲ್ಕೇ ವಿಮಾನ, ಸುಮಿತ್ರಮ್ಮ. ರೆಕ್ಕೆಗೆ ಬಟ್ಟೆ ಹೊದಿಸಿರ್ತಿದ್ರು."

"ಮಳೆ ಬಂದ್ರೆ?"

"ಓಡಿಹೋಗಿ ಒಳಗೆ ತಳ್ಳೋದು."

"ನಮ್ಮ ಹಪ್ಪಳದ ಹಾಗೆ ಅನ್ನಿ."

ಅರುವತ್ತೈದರ ಯುದ್ಧದ ನ್ಯಾಟ್ ವಿಮಾನ ಹಸಿಮೆಣಸಿನಕಾಯಿ. ಗಾತ್ರ ಇಷ್ಟೇ, ಖಾರ ಪಾಕಿಸ್ತಾನದವರಿಗೆ ಗೊತ್ತು ಎನ್ನುತ್ತಿದ್ದರು. ರಷ್ಯಾದಿಂದ ಬಂದ ಮಿಗ್ ಮೂಲಂಗಿ. ಅದರ ಜೊತೆ ಬಂದ ಪುಸ್ತಕವೂ ರಷ್ಯನ್ನಿನಲ್ಲೇ ಇದ್ದು, ಇವರು ಓದಿದ್ದೇ ಒಂದು, ಬಿಚ್ಚಿದ್ದೇ ಇನ್ನೊಂದಂತೆ. ಈಚೆಗೆ ಬಂದ ಸುಖೋಯಿಗೆ ನನ್ನ ಮೊರದ ತರಕಾರಿ ಯಾವುದೂ ಸಾಲದೆ ಕಾಫಿ ಫಿಲ್ಟರನ್ನೇ ಎತ್ತಿ ಹಿಡಿದರು. ಅವತ್ತು ನಮ್ಮ ಹುಳಿಯಲ್ಲಿ ಅರ್ಧ ವಾಯುಸೇನೆ ಬೆಂದಿತ್ತು.

"ಈಗಿನ ವಿಮಾನ ಎಷ್ಟೋ ಮೈಲಿ ಆಚೆ ಇರೋ ಶತ್ರುವನ್ನ ಕಂಡುಹಿಡಿಯತ್ತೆ. ಮೂಗಿನ ಮುಂದೆ ಬರೋ ಹದ್ದು ಮಾತ್ರ ಕಾಣಲ್ಲ."

"ನಮ್ಮನೆಯವರೂ ಹಾಗೇ ಇದ್ರು. ಪೇಪರಲ್ಲಿ ಅಮೆರಿಕದ ಸುದ್ದಿ ಕಾಣ್ತಿತ್ತು, ಎಲೆ ತುದೀಲಿ ಬಡಿಸಿದ ಚಟ್ನಿ ಕಾಣ್ತಿರಲಿಲ್ಲ."

ಒಂದು ದಿನ ಮಾತ್ರ ತರಕಾರಿ ಮುಟ್ಟದೆ ಮಾತಾಡಿದರು. ಅಸ್ಸಾಮಿನ ಕಡೆ ಇದ್ದಾಗ ಒಬ್ಬ ಹುಡುಗ ಪೈಲಟ್, ಮದುವೆ ಗೊತ್ತಾಗಿದೆ ಎಂದು ಇವರ ಕೈಗೆ ಸಿಹಿ ಇಟ್ಟು ವಿಮಾನ ಹತ್ತಿದ್ದನಂತೆ. ಇಂಜಿನ್ ನೋಡಿ ಸರಿಯಾಗಿದೆ ಎಂದು ಬಿಟ್ಟುಕೊಟ್ಟವರು ಇವರೇ. ನೆಲ ಬಿಟ್ಟು ಮೇಲೇಳುವಾಗಲೇ ರಣಹದ್ದು ಬಡಿಯಿತು. "ಆಮೇಲೆ ಇಂಜಿನ್ ಬಿಚ್ಚಿದೆವು. ನನ್ನ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ ಸುಮಿತ್ರಮ್ಮ. ಪುಕ್ಕ ಇತ್ತು, ಅಷ್ಟೆ." ಹೇಳುವಾಗ ಅವರ ಬಾಯಲ್ಲಿ ಇನ್ನೂ ಆ ಸಿಹಿ ಇದ್ದ ಹಾಗಿತ್ತು, ನುಂಗಲಾರದೆ ಕೂತಿದ್ದರು. ಮಾರನೆಯ ದಿನದಿಂದ ನಾನು ದಿನದ ಅನ್ನ ಇಡುವುದನ್ನು ನಿಲ್ಲಿಸಿದೆ.

ಆ ವರ್ಷ ವಾಯುಸೇನೆಗೆ ಎಪ್ಪತ್ತೈದು ತುಂಬಿತ್ತು. ಅಕ್ಟೋಬರ್ ಎಂಟಕ್ಕೆ ಹಿಂಡನ್ನಿನಲ್ಲಿ ಪರೇಡು, ಮೇಲೆ ವಿಮಾನಗಳ ಸಾಲು. ಆ ಸಾಲಿನಲ್ಲಿ ರಾಯರ ಒಬ್ಬಳೇ ಮಗಳು ಮೈತ್ರೇಯಿಯೂ ವಿಮಾನ ಹಾರಿಸುವವಳಿದ್ದಳು.

"ಯುದ್ಧ ವಿಮಾನವೇ?" ಎಂದು ಕೇಳಿದೆ.

"ಅಲ್ಲ, ಸಾಮಾನು ಸಾಗಿಸೋದು."

"ಅಂದ್ರೆ ಲಾರಿ ಡ್ರೈವರು."

ಅವತ್ತು ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಎರಡು ದಿನದಲ್ಲಿ ಗಲ್ಲಿಗೆಲ್ಲ ಅವರೇ ಸಾರುತ್ತಿದ್ದರು, ನನ್ನ ಮಗಳು ಆಕಾಶದಲ್ಲಿ ಲಾರಿ ಓಡಿಸುತ್ತಾಳೆ ಎಂದು. ಆದರೆ ಹಗುರವಾಗಿ ಸಾರಿದಷ್ಟೂ ತಟ್ಟೆಯ ಸದ್ದು ಜೋರಾಯಿತು. ಬೆಳಗಾದರೆ ಢಣಢಣ, ಸಂಜೆಯಾದರೆ ಢಣಢಣ. ಮಗಳ ದಾರಿಗೆ ಒಂದು ಹಕ್ಕಿಯೂ ಅಡ್ಡ ಬರಬಾರದು, ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅಡ್ಡ ಬಂದದ್ದು ಪಿತೃಪಕ್ಷ. ನಮ್ಮ ಯಜಮಾನರ ತಿಥಿ ಬಿದ್ದದ್ದು ಸರಿಯಾಗಿ ಅದೇ ಎಂಟನೇ ತಾರೀಖಿಗೆ.

"ದಿನದ ಅನ್ನ ಬಿಟ್ಟೆ ರಾಯರೇ, ವರ್ಷದ್ದು ಬಿಡಲಾರೆ. ಟೆರೇಸಿನಲ್ಲಿ ಪಿಂಡ ಇಡಲೇಬೇಕು."

"ಮಧ್ಯಾಹ್ನ ಇಡಿ. ಅಷ್ಟರಲ್ಲಿ ಅವಳು ಇಳಿದಿರ್ತಾಳೆ."

"ಸೂರ್ಯನಾರಾಯಣ ಭಟ್ಟರು ಬೆಳಗ್ಗೆ ಬಿಟ್ಟರೆ ಸಿಗಲ್ಲ. ಮೊದಲು ನಮ್ಮನೆ, ಆಮೇಲೆ ಜನಕಪುರಿ, ಆಮೇಲೆ ಆರ್.ಕೆ. ಪುರಂ. ನಿಮ್ಮ ವಿಮಾನಗಳ ಹಾಗೆ ಅವರಿಗೂ ಟೈಮಿಂಗ್ ಇದೆ."

"ಪೂಜೆ ಬೆಳಗ್ಗೆ ಮಾಡಿ, ಕಾಗೆಗೆ ತಡವಾಗಿ ಇಡಿ."

"ಊಟ ಒಂದು ಗಳಿಗೆ ತಡವಾದರೆ ತಟ್ಟೆ ದೂಡ್ತಿದ್ದ ಮನುಷ್ಯ. ಅವರ ಮುಂದೆ ವಾಯುಸೇನೆಯ ನೆಪ ಹೇಳಲಾ?"

ರಾಯರು ಸೌಟನ್ನು ತಟ್ಟೆಯೊಳಗಿಟ್ಟರು. "ಹಾಗಾದ್ರೆ ಘಾಜಿಪುರಕ್ಕೆ ಹೋಗೋಣ," ಎಂದರು. "ಇಲ್ಲಿಂದ ದೂರ. ಕಸದ ಗುಡ್ಡ ಇದೆ, ಕಾಗೆಗಳಿಗೆ ಬರವಿಲ್ಲ. ನನ್ನ ಸ್ಕೂಟರಿದೆ."

ಇದನ್ನು ಕೇಳಿ ನನ್ನ ಮಗ ಯೋಗೀಶ ಕಿರುಚಿಕೊಂಡ. "ಅಮ್ಮಾ! ಅಪ್ಪ ಕಸದ ಡಬ್ಬಿ ಮುಟ್ಟಿದ್ರೆ ಸ್ನಾನ ಮಾಡ್ತಿದ್ದವರು. ಅವರ ಪಿಂಡ ಕಸದ ಗುಡ್ಡಕ್ಕೆ ಒಯ್ತೀಯಾ? ನಾನಂತೂ ಬರಲ್ಲ."

"ಬರಬೇಡ. ಬದುಕಿದ್ದಾಗ ಆಫೀಸು ಬಿಟ್ಟು ಏನೂ ನೋಡಲಿಲ್ಲ. ಈಗಲಾದ್ರೂ ಡೆಲ್ಲಿ ನೋಡಲಿ."

ಎಂಟನೇ ತಾರೀಖು ಭಟ್ಟರು ಮಂತ್ರಗಳನ್ನು ಬಸ್ಸು ತಪ್ಪಿಹೋಗುವವರ ಹಾಗೆ ಹೇಳಿ ಮುಗಿಸಿ ಜನಕಪುರಿಗೆ ಆಟೋ ಹತ್ತಿದರು. ಕೆಳಗೆ ಸ್ಕೂಟರ್ ಸಿದ್ಧವಾಗಿತ್ತು. ರಾಯರು ಇಸ್ತ್ರಿ ಮಾಡಿದ ಕೋಟು ಹಾಕಿ, ಎದೆಗೆ ಹಳೆಯ ಪದಕಗಳನ್ನು ಚುಚ್ಚಿಕೊಂಡಿದ್ದರು. ಜೇಬಿನಿಂದ ಪರೇಡಿನ ಪಾಸು ಇಣುಕುತ್ತಿತ್ತು. ಮಗಳೇ ಕಳಿಸಿದ್ದು.

"ನೀವು ಪರೇಡಿಗೆ ಹೋಗಬೇಕಲ್ವೇ?" ಎಂದೆ.

"ಗೇಟು ಬೇಗ ಮುಚ್ತಾರೆ. ಆದರೆ ನಿಮ್ಮನ್ನ ಬಿಟ್ಟುಹೋದ್ರೆ ನೀವು ಟೆರೇಸು ಹತ್ತುತ್ತೀರಿ."

"ಹೌದು, ಹತ್ತುತ್ತೀನಿ."

"ಗೊತ್ತು. ಕೂತ್ಕೊಳ್ಳಿ."

ಹೆಲ್ಮೆಟ್ ಇಲ್ಲದೆ ಅವರು ಕಿಕ್ ಹೊಡೆಯುವುದಿಲ್ಲ ಎಂದರು. ಮಡಿ ಸೀರೆ, ತಲೆಗೆ ಹೆಲ್ಮೆಟ್ಟು, ಮಡಿಲಲ್ಲಿ ಬಾಳೆಲೆಯ ಮೇಲೆ ಗಂಡ. ಹೀಗೆ ನಾನು ಆನಂದ್ ವಿಹಾರದ ಸಿಗ್ನಲ್ಲಿನಲ್ಲಿ ನಿಂತಾಗ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಗೆ ಬಂದಿದ್ದರು.

ಘಾಜಿಪುರದ ವಾಸನೆ ನಮಗಿಂತ ಮುಂಚೆ ಬಂದು ಎದುರುಗೊಂಡಿತು. ಗುಡ್ಡದ ಮೇಲೆ ಆಕಾಶ ಕಾಣದಷ್ಟು ಹದ್ದುಗಳು. ಪಕ್ಕದಲ್ಲೇ ಕೋಳಿ ಮಂಡಿ. ರಸ್ತೆ ಬದಿಯ ಒಂದು ಕಟ್ಟೆಯ ಮೇಲೆ ನೀರು ಚಿಮುಕಿಸಿ ಎಲೆ ಇಟ್ಟೆ. "ಬನ್ನೀಂದ್ರೆ," ಎಂದು ಕರೆದು ಹಿಂದೆ ಸರಿದದ್ದೇ ತಡ, ಕಾಗೆಯೊಂದು ಕುಪ್ಪಳಿಸಿ ಹತ್ತಿರ ಬಂತು. ಅದು ಕೊಕ್ಕು ತಗ್ಗಿಸುವುದರೊಳಗೆ ಮೇಲಿನಿಂದ ಒಂದು ಹದ್ದು ಎರಗಿ ಪಿಂಡವನ್ನು ಪೂರ್ತಿಯಾಗಿ ಎತ್ತಿಕೊಂಡು ಹೋಯಿತು.

ಕಾಗೆ ನನ್ನನ್ನು ನೋಡಿತು. ನಾನು ರಾಯರನ್ನು ನೋಡಿದೆ. ಅವರ ಮೊಬೈಲಿನಿಂದಲೇ ಭಟ್ಟರಿಗೆ ಫೋನು ಹಚ್ಚಿದೆ.

"ಭಟ್ಟರೇ, ಹದ್ದು ತಗೊಂಡು ಹೋಯ್ತು. ನಡೆಯತ್ತಾ?"

ಆಟೋದ ಗದ್ದಲದಲ್ಲಿ ಭಟ್ಟರು ಕೂಗಿದರು, "ಹದ್ದು ಗರುಡನ ವಂಶಾಮ್ಮಾ! ಕಾಗೆಗಿಂತ ದೊಡ್ಡ ಹುದ್ದೆ. ಪ್ರಮೋಷನ್ ಅಂತ ತಿಳ್ಕೊಳ್ಳಿ. ಚಲೋ, ಇಡ್ತೀನಿ."

ಅಷ್ಟು ವರ್ಷ ಒಂದೇ ಮೇಜಿನ ಹಿಂದೆ ಗುಮಾಸ್ತರಾಗಿಯೇ ಸವೆದ ನಮ್ಮ ಯಜಮಾನರಿಗೆ ಕೊನೆಗೂ ಪ್ರಮೋಷನ್ ಸಿಕ್ಕಿತ್ತು. ನಾನು ಕೈ ಮುಗಿಯುವುದರಲ್ಲಿದ್ದೆ, ರಾಯರು ತೋಳು ಹಿಡಿದು ಅಲ್ಲಾಡಿಸಿದರು.

"ಅಯ್ಯೋ ಸುಮಿತ್ರಮ್ಮ, ನಿಮ್ಮ ಯಜಮಾನರು ಹಿಂಡನ್ ಕಡೆ ತಿರುಗಿದ್ರು!"

ನಿಜ. ಹದ್ದು ಸುತ್ತು ಹಾಕುತ್ತಾ ಎತ್ತರಕ್ಕೇರಿ ಅತ್ತ ಕಡೆಗೇ ತೇಲುತ್ತಿತ್ತು. ಇನ್ನೊಂದು ಕಡೆ, ಯಮುನೆಯ ಮೇಲೆ, ಸರದಿಗಾಗಿ ತಿರುಗುತ್ತಿದ್ದ ವಿಮಾನಗಳು ಹಿಂಡನ್ನಿಗೆ ಹೊರಡಲು ಸಾಲು ಕಟ್ಟುತ್ತಿದ್ದವು. ರಾಯರು ತಟ್ಟೆ ಬಡಿದರು, ಬಡಿದರು, ಸೌಟು ಬಾಗುವವರೆಗೆ ಬಡಿದರು. ಅಷ್ಟು ಎತ್ತರಕ್ಕೆ ಯಾವ ಸದ್ದು ಮುಟ್ಟೀತು? "ನೀವಾದ್ರೂ ಕರೀರಿ," ಎಂದು ನನ್ನ ಮುಂದೆ ಅಂಗಲಾಚಿದರು. ಅವರ ಕಣ್ಣಲ್ಲಿ ನೀರಿತ್ತು. ನಗು ಬರುತ್ತಿದ್ದ ನನಗೆ ನಗು ನಿಂತಿತು.

ಕೋಳಿ ಮಂಡಿಯವರೆಲ್ಲ ನೋಡುತ್ತಿದ್ದಂತೆ, ಹೆಲ್ಮೆಟ್ ಹಾಕಿಕೊಂಡೇ ಕೂಗಿದೆ. "ಏನೂಂದ್ರೆ! ಆ ಕಡೆ ಬೇಡಿ! ಅಲ್ಲಿ ಹುಡುಗಿ ಬರ್ತಿದಾಳೆ! ಈ ಕಡೆ ಬನ್ನಿ!"

ಸಂಸಾರ ಮಾಡಿದಷ್ಟೂ ದಿನ ನನ್ನ ಒಂದು ಮಾತು ಕೇಳಿದವರಲ್ಲ. ಅವತ್ತು ಕೇಳಿದರು. ಹದ್ದು ರೆಕ್ಕೆ ವಾಲಿಸಿತು, ಒಂದು ದೊಡ್ಡ ಸುತ್ತು ಹೊಡೆಯಿತು, ನೆಟ್ಟಗೆ ಕೆಳಗಿಳಿದು ಕೋಳಿ ಮಂಡಿಯ ತಗಡಿನ ಮೇಲೆ ಕೂತಿತು. ಈರುಳ್ಳಿಯನ್ನೂ ಮುಟ್ಟದವರು. ಇರಲಿ, ಪ್ರಮೋಷನ್ ಆದ ಮೇಲೆ ಅಭ್ಯಾಸಗಳು ಬದಲಾಗುತ್ತವೆ.

ಆಗ ಬಂದವು ಸಾಮಾನಿನ ವಿಮಾನಗಳು, ಮೂರು, ಗುಡುಗುಡು ಎನ್ನುತ್ತಾ, ಖಾಲಿ ಆಕಾಶದಲ್ಲಿ. ರಾಯರು ಬಾಗಿದ ಸೌಟು ಹಿಡಿದ ಕೈಯಲ್ಲೇ ಸಲ್ಯೂಟ್ ಹೊಡೆದರು.

"ಯಾವುದು ನಿಮ್ಮ ಮಗಳದ್ದು?"

"ಎಡಗಡೇದು. ಸ್ವಲ್ಪ ಸೊಟ್ಟಗಿದೆ ನೋಡಿ, ಅವಳೇ," ಎಂದರು. ಅವು ಕಾಣದಾಗುವವರೆಗೂ ಕೈ ಇಳಿಸಲಿಲ್ಲ.

ಇದಾಗಿ ಎರಡನೇ ಚಳಿಗಾಲಕ್ಕೆ ಅವರ ಎದೆ ಕೈಕೊಟ್ಟಿತು. ಮಿಲಿಟರಿ ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದೆ. ಮೈತ್ರೇಯಿ ಯೂನಿಫಾರ್ಮಿನಲ್ಲೇ ಮಂಚದ ಹತ್ತಿರ ನಿಂತಿದ್ದಳು. ಕಾಫಿ ಕುಡಿಯಲು ಡಾಕ್ಟರು ಬಿಡಲಿಲ್ಲ, ರಾಯರು ಮೂಸಿ ನೋಡಿ ವಾಪಸು ಕೊಟ್ಟರು. ಹತ್ತಿರ ಬರುವಂತೆ ನನಗೆ ಸನ್ನೆ ಮಾಡಿದರು.

"ಮೈತ್ರೇಯಿಗೆ ಹೇಳಿದೀನಿ, ಎಲ್ಲಾ ಅವಳೇ ಮಾಡ್ತಾಳೆ. ಅನ್ನ ಮಾತ್ರ ನೀವು ಮಾಡಿ, ಅವಳಿಗೆ ಬರಲ್ಲ. ಟೆರೇಸು ಬೇಡ. ಘಾಜಿಪುರ."

"ಕಾಗೆಗೋ, ಹದ್ದಿಗೋ?"

"ಯಾವುದು ಮೊದಲು ಬರತ್ತೋ ಅದಕ್ಕೆ." ಉಸಿರು ಸಾಲದೆ ಸ್ವಲ್ಪ ನಿಂತರು. ಆಮೇಲೆ ನನ್ನ ಕೈ ಹಿಡಿದು ಹೇಳಿದರು, "ತಟ್ಟೆ ಸೌಟು ಮರೀಬೇಡಿ. ತಿಂದದ್ದು ಹಿಂಡನ್ ಕಡೆ ಹೊರಟರೆ ಜೋರಾಗಿ ಬಡೀರಿ ಸುಮಿತ್ರಮ್ಮ. ಒಳಗಿರೋದು ನಾನು ಅಂತ ದಾಕ್ಷಿಣ್ಯ ನೋಡಬೇಡಿ."