ಶುಂಠಿ ಬಿಯರಿನ ಸಕ್ಕರೆ ಕದ್ದವರು ಯಾರು?

ದೋಹಾದ ಮದೀನತ್ ಖಲೀಫಾ ಬಡಾವಣೆಯ ನಮ್ಮ ಮನೆಯಲ್ಲಿ ಹೋದ ಬೇಸಿಗೆ ಒಂದು ತನಿಖೆ ನಡೆಯಿತು. ನಡೆಸಿದವರು ನನ್ನ ಅಳಿಯ. ಬಂದರಿನಲ್ಲಿ ಕಂಟೇನರುಗಳ ಲೆಕ್ಕ ನೋಡುವವರು, ಮನೆಯಲ್ಲಿ ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುತ್ತಾರೆ.

ಪಕ್ಕದ ಮನೆಯ, ಅಮಲಿನ ಹನಿಯನ್ನೂ ಮುಟ್ಟದ ಬ್ಯಾರಿ ಮುಸ್ಲಿಂ ದಂಪತಿಯನ್ನು ಶುಕ್ರವಾರ ಊಟಕ್ಕೆ ಕರೆದಿದ್ದೆವು. "ಅಂಗಡಿಯ ಸೋಡಾ ಬೇಡ, ನಾನೇ ಶುಂಠಿ ಬಿಯರ್ ಮಾಡಿ ಕುಡಿಸ್ತೇನೆ" ಎಂದು ಅಳಿಯ ಲಿಫ್ಟಿನಲ್ಲೇ ಘೋಷಿಸಿಬಿಟ್ಟಿದ್ದರು. ಹೆಸರಿಗಷ್ಟೇ ಬಿಯರ್. ಶುಂಠಿ, ನಿಂಬೆ, ಸಕ್ಕರೆ, ಚಿಟಿಕೆ ಯೀಸ್ಟ್. ಒಂದೇ ದಿನ ಹುದುಗಿಸಿ ಫ್ರಿಜ್ಜಿಗೆ ಹಾಕಿದರೆ ನೊರೆ ಬರುತ್ತದೆ, ಸಿಹಿ ಉಳಿಯುತ್ತದೆ, ಅಮಲಿನ ಮಾತೇ ಇಲ್ಲ ಎಂಬುದು ಅವರ ಲೆಕ್ಕ.

ಅಳೆಯಲು ಗಾಜಿನದೊಂದು ಕಡ್ಡಿ ತರಿಸಿದ್ದರು, ಹೈಡ್ರೋಮೀಟರ್. ಸಕ್ಕರೆ ಹೆಚ್ಚಿದ್ದರೆ ಅದು ಎತ್ತರದಲ್ಲಿ ತೇಲುತ್ತದೆ, ಸಕ್ಕರೆ ಅಮಲಾಗಿ ತಿರುಗಿದಷ್ಟೂ ಕೆಳಗಿಳಿಯುತ್ತದೆ. ಹಿಂದಿನ ಶುಕ್ರವಾರ ಬಾಟಲಿಗೆ ತುಂಬಿದಾಗ ಸಾವಿರದ ಐವತ್ತು ತೋರಿಸಿತ್ತು. ಊಟದ ದಿನ ಬೆಳಿಗ್ಗೆ ಸಾವಿರದ ನಲವತ್ತಾದರೂ ಇರಬೇಕಿತ್ತು. ಕಡ್ಡಿ ಮುಳುಗಿ, ಬರೀ ನೀರಿನ ಗುರುತಾದ ಸಾವಿರಕ್ಕೆ ನಿಂತಿತು.

ಅಳಿಯನ ಮುಖವೂ ಅಷ್ಟೇ ಇಳಿಯಿತು. "ಇದನ್ನು ಅವರಿಗೆ ಕೊಟ್ಟರೆ ನಮ್ಮ ಕಥೆ ಖಲಾಸ್!"

ಕಡ್ಡಿ ಸುಳ್ಳು ಹೇಳುತ್ತಿದೆಯೇ ಎಂದು ಬರೀ ನೀರಿನಲ್ಲಿ ಬಿಟ್ಟು ನೋಡಿದರು. ಸರಿಯಾಗಿಯೇ ಇತ್ತು. ಬಿಸಿಗೆ ಲೆಕ್ಕ ತಪ್ಪುತ್ತದಂತೆ, ಎಸಿ ಕೆಳಗೆ ಥರ್ಮಾಮೀಟರ್ ಹಿಡಿದು ಇನ್ನೊಮ್ಮೆ ಅಳೆದರು. ಮತ್ತೆ ಸಾವಿರ. ಹಾಕಿದ್ದೇ ಕಡಿಮೆಯಾಯಿತೇ ಎಂದು ಡಬ್ಬಿಯಲ್ಲಿ ಉಳಿದ ಸಕ್ಕರೆಯನ್ನೂ ತೂಗಿದರು. ಕೊನೆಗೆ ಕಡ್ಡಿಯ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿ, "ಸಕ್ಕರೆ ಎಲ್ಲಿ ಹೋಯಿತು?" ಎಂದು ಕೇಳಿದರು.

ನಾನು ನನ್ನ ಕೋಣೆಯಲ್ಲಿದ್ದೆ. ಫೋನಿನಲ್ಲಿ ಬರೆಯಲು ಕಲಿತು ಹದಿನೈದು ದಿನ. ಉತ್ತರ ಕೊಡುವ ಉತ್ಸಾಹ ಬೇರೆ. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ: "ನಾನು ಬಾಟಲಿಯನ್ನು ಫ್ರಿಜ್ಜಿನಿಂದ ಹೊರಗೆ ತೆಗೆದೇ ಇಲ್ಲ."

ಕಳುಹಿಸಿದ ಮೇಲೆ ಹೊಳೆಯಿತು. ಫ್ರಿಜ್ಜಿನ ಸುದ್ದಿಯನ್ನು ಯಾರೂ ಎತ್ತಿರಲೇ ಇಲ್ಲ.

ಅಳಿಯ ಬಾಗಿಲಲ್ಲಿ ನಿಂತಿದ್ದರು. "ಅತ್ತೆ, ಎಷ್ಟು ದಿನ ತೆಗೆದ್ರಿ?"

"ದಿನಾ ಸ್ವಲ್ಪ ಹೊತ್ತು ಮಾತ್ರ."

"ಸ್ವಲ್ಪ ಅಂದ್ರೆ?"

"ನೀವು ಆಫೀಸಿಗೆ ಹೋದ ಮೇಲಿಂದ ಬರುವವರೆಗೆ."

ಹಿಂದಿನಿಂದ ಮಗಳು ಕಿಸಕ್ಕೆಂದಳು. ನಾನೇನು ಮಾಡಲಿ? ಮುಚ್ಚಳದ ಮೇಲಿನ, ಗಾಳಿ ಹೊರಬಿಡುವ ನಳಿಕೆ ಮೊದಲ ದಿನ ಎಷ್ಟು ಚೆಂದ ಗುಳುಗುಳು ಎನ್ನುತ್ತಿತ್ತು. ಫ್ರಿಜ್ಜಿಗೆ ಹೋದದ್ದೇ ಉಸಿರಿಲ್ಲ. ಐವತ್ತು ವರ್ಷ ಇಡ್ಲಿ ಹಿಟ್ಟು ಉಬ್ಬಿಸಿದ ಕೈ ಇದು. ಚಳಿಯಲ್ಲಿ ಸತ್ತಂತೆ ಬಿದ್ದದ್ದನ್ನು ನೋಡಿ ಸುಮ್ಮನಿರುತ್ತದೆಯೇ? ಬಾಲ್ಕನಿಯ ಬಿಸಿಗೆ ಇಟ್ಟು, ಹಳೆಯ ಸೀರೆ ಸುತ್ತುತ್ತಿದ್ದೆ. ದೋಹಾದ ಸೆಕೆ ಕೇಳಬೇಕೆ, ಮಧ್ಯಾಹ್ನದ ಹೊತ್ತಿಗೆ ಭಜನೆ ಮಂಡಳಿಯ ಹಾಗೆ ಶುರುವಾಗುತ್ತಿತ್ತು. ಸಂಜೆ ವಾಪಸ್ ಫ್ರಿಜ್ಜಿಗೆ. ಹೀಗೆ ಐದು ದಿನ.

"ಅದು ಇಡ್ಲಿ ಹಿಟ್ಟಲ್ಲ ಅತ್ತೆ! ಬಿಸಿಗೆ ಇಟ್ರೆ ಯೀಸ್ಟ್ ಸಕ್ಕರೆ ಎಲ್ಲ ತಿಂದು ಹಾಕ್ತದೆ!"

"ಹಸಿದಿತ್ತು ಮಾರಾಯ್ರೆ" ಎಂದೆ.

ಅಳಿಯ ಇಡೀ ಬಾಟಲಿಯನ್ನು ಸಿಂಕಿಗೆ ಸುರಿದರು. ಮನೆಯೆಲ್ಲ ಹುಳಿ ಹುಳಿ ವಾಸನೆ. ಕಿಟಕಿ ತೆಗೆಯುವಷ್ಟರಲ್ಲಿ ಬೆಲ್ ಆಯಿತು. ಪಕ್ಕದ ಮನೆಯಾಕೆ ಒಳಗೆ ಕಾಲಿಟ್ಟವರೇ ಮೂಗರಳಿಸಿದರು.

"ಆಹಾ ಆಂಟಿ, ಅಪ್ಪಂ ಹಿಟ್ಟು ಹುಳಿ ಬಂದ ಪರಿಮಳ! ಅಪ್ಪಂ ಉಂಟಾ ಇವತ್ತು?"

ನಾನು ಬಾಯಿ ತೆರೆಯುವ ಮೊದಲೇ ಅಳಿಯ ನಗುತ್ತಾ ಹೇಳಿದರು: "ಉಂಟು ಉಂಟು. ಬೆಳಗ್ಗಿನಿಂದ ಅತ್ತೆಗೆ ಅದೇ ಗಡಿಬಿಡಿ."

ಮನೆಯಲ್ಲಿದ್ದದ್ದು ದೋಸೆ ಹಿಟ್ಟು. ತೆಂಗಿನಹಾಲು ಬೆರೆಸಿ, ಬಾಣಲೆಯಲ್ಲಿ ದಪ್ಪಗೆ ಹೊಯ್ದು ಅಪ್ಪಂ ಎಂದು ಬಡಿಸುತ್ತಾ ಹೋದೆ. ಮೂರು ತಿಂದ ಆಕೆ, "ಆಂಟಿ, ನನಗೂ ಕಲಿಸಿ ಆಯ್ತಾ?" ಎಂದರು. ಅಳಿಯ ಅಂಗಡಿಯ ಸೋಡಾ ಬಗ್ಗಿಸುತ್ತಾ, ನನ್ನ ಕಡೆ ನೋಡದೆ, ತಮ್ಮ ನಾಲ್ಕನೆಯ ಅಪ್ಪಂಗೆ ತಟ್ಟೆ ಚಾಚಿದರು.